ಬೇವಿನ ಗಿಡದಾಗ ಸಿಕ್ಕೊಂಡಿದ್ದ ಮುತ್ಯಾನ ಸೈಕಲ್ ನಾ ಇಳಿಸಿದ್ದು ಹಿಂಗ

ಚಿತ್ತಾಪುರ ತಾಲೂಕಿನಾಗ ನಮ್ಮ ಹೊಲದ ಬದುವಿನ ಮ್ಯಾಲ ಒಂದು ಬೇವಿನ ಗಿಡ ಅದ, ಅದ್ರಾಗ ನಮ್ಮ ಮುತ್ಯಾನ ಸೈಕಲ್ ಇತ್ತು. ಗಿಡದ ಬುಡಕ್ಕಲ್ರಿ, ಗಿಡದಾಗೇ, ನೆಲದಿಂದ ಏಳು ಫೂಟ್ ಮ್ಯಾಲ. ಒಂದು ದಪ್ಪ ಟೊಂಗಿ ಫ್ರೇಮಿನ ನಡುವ ಹಾದು ಹೋಗಿತ್ತು, ಸಣ್ಣ ಹುಡುಗರನ್ನ ಮುಂದ ಕೂಡಿಸ್ತೀವಲ್ಲ ಆ ಡಂಡಾನ ಒಂದು ಗೇಣಿನಷ್ಟು ಟೊಂಗಿ ಪೂರಾ ನುಂಗಿಬಿಟ್ಟಿತ್ತು, ಎರಡೂ ಕಡಿ ತೊಗಟಿ ಬಾಯಿ ಮುಚ್ಚಿದಂಗ ದುಂಡಗ ಉಬ್ಬಿತ್ತು.

ದಾರಿಗುಂಟ ಹೋಗೋರೆಲ್ಲಾ ಮಾತಾಡಿಸೇ ಹೋಗೋರು. "ಏನಪಾ, ಈ ಸಲ ಸೈಕಲ್ ಫಸಲ ಹೆಂಗದ?" ಅಂತ ಒಬ್ಬ, ನಮ್ಮ ಕಾಕಾ ಕಟ್ಟಿ ಮ್ಯಾಲ ಕುಂತು "ಇನ್ನಾ ಕಾಯಿ ಅದ, ಹಣ್ಣಾಗ್ಲಿ ತಡಿ, ಮೋಟರ್‌ಸೈಕಲ್ ಉದರ್ತದ" ಅನ್ನಾಂವ.

ಹೋದ ವರ್ಷ ಉಗಾದಿ ಮುಂದ ಇಳಿಸೇಬೇಕಂತ ನಿರ್ಧಾರ ಮಾಡ್ದೆ. ಆ ಸೈಕಲ್ ಮ್ಯಾಲೇ ಮುತ್ಯಾ ನನಗ ಸಾಲಿಗಿ ಬಿಟ್ಟು ಬರ್ತಿದ್ದ, ಅದು ತುಕ್ಕು ಹಿಡಿದು ಪುಡಿ ಆಗೋದು ನೋಡ್ಲಕ್ಕ ನನ್ನಿಂದ ಆಗ್ತಿರಲಿಲ್ಲ. ಎಲ್ರೂ ಕೊಟ್ಟ ಸಲಹಾ ಒಂದೇ, ಟೊಂಗಿ ಕಡಿ, ಸೈಕಲ್ ತಾನೇ ಬೀಳ್ತದ. ಆದ್ರ ಟೊಂಗಿ ತುಂಬ ಹೂ ಬಿಟ್ಟಿತ್ತು, ನಿಚ್ಚಣಿಕಿ ಹಚ್ಚಿದ ಕೂಡ್ಲೇ ತಲಿ ಮ್ಯಾಲ ಬಿಳಿ ಹೂ ಉದುರಿ ಕಡುವಾಸನಿ ಬಂತು. ಸೈಕಲ್ಲಿನ ಡಂಡಾ ಕೊಯ್ದರ ಮತ್ತ ಜೋಡಸ್ಲಕ್ಕ ಬರ್ತದ, ಟೊಂಗಿ ಕೊಯ್ದರ ಅದು ಮತ್ತ ಜೋಡಸೋದಲ್ಲ. ಅದಕ್ಕ ಕೊಯ್ಯೋದಿದ್ರ ಕಬ್ಬಿಣಾನೇ ಅಂತ ಠರಾಯಿಸಿದೆ.

ಇನ್ನೊಂದು ಕಾರಣ. ಗಿಡದ ಬಡ್ಡಿ, ಟೊಂಗಿ ದಪ್ಪ ಆಗೋದು ತೊಗಟಿ ಕೆಳಗಿರೋ ಒಂದು ತೆಳು ಹಸಿ ಪದರದಿಂದ, ಕಬ್ಬಿಣ ಅಡ್ಡ ಬಂದ್ರ ಅದರ ಸುತ್ತ ಬೆಳದು ಒಳಗ ಮುಚ್ಚಿಕೊಂಡುಬಿಡ್ತದ. ಉಳಿ ಹಾಕಿ ಆ ಡಂಡಾ ಕಿತ್ತೋದಂದ್ರ ಆ ಪದರಾನೇ ಹರದಂಗ. ಒಳಗ ಹೋದ ಕಬ್ಬಿಣ ಒಳಗೇ ಇರ್ಲಿ.

ಕಾಕಾನ ವಾದ ಏನಂದ್ರ ಮುತ್ಯಾ ಸೈಕಲ್ ಬುಡಕ್ಕ ಆನಿಸಿ ಇಟ್ಟಿದ್ದ, ಗಿಡ ಬೆಳೀತಾ ಬೆಳೀತಾ ಮ್ಯಾಲ ಎತ್ತಿಕೊಂಡು ಹೋಗ್ಯದ. ಇದು ಭಾಳ ಮಂದಿ ನಂಬೋ ಮಾತು, ಆದ್ರ ಖರೆ ಅಲ್ಲ. ಗಿಡ ಎತ್ತರ ಆಗೋದು ತುದಿಯಾಗ ಅಷ್ಟೇ, ಬಡ್ಡಿ ದಪ್ಪ ಆಗ್ತದ, ಮ್ಯಾಲ ಸರಿಯೋದಿಲ್ಲ. ಅದೇ ಗಿಡಕ್ಕ ಆಯಿ ಕಂದೀಲ ತೂಗಹಾಕ್ಲಕ್ಕ ಒಂದು ಮೊಳಿ ಹೊಡದಿದ್ದಳು, ನಾ ಸಣ್ಣಾಂವ ಇದ್ದಾಗ ಅದು ನನ್ನ ತಲಿ ಮ್ಯಾಲ ಇತ್ತು, ಈಗ ನನ್ನ ಎದಿ ಮಟ್ಟಕ್ಕ ಅದ. "ಸೈಕಲ್ ಎತ್ತಿದ ಗಿಡ ಮೊಳಿ ಯಾಕ ಎತ್ತಲಿಲ್ಲ ಕಾಕಾ?" ಅಂದೆ. "ಮೊಳಿಗಿ ಗಾಲಿ ಎಲ್ಲವ" ಅಂದ!

ಅಷ್ಟೊತ್ತಿಗೆ ಅಣ್ಣನ ಮಗ ಮೊಬೈಲ್ ಹಿಡ್ಕೊಂಡು ಬಂದ, ಅಮೆರಿಕಾದ ವಾಶಿಂಗ್ಟನ್ ರಾಜ್ಯದ ವಾಶಾನ್ ದ್ವೀಪದಾಗ ಇಂಥಾದೇ ಸೈಕಲ್ ನುಂಗಿದ ಗಿಡ ಅದ, ಅದರ ಫೋಟೋ. ಒಬ್ಬ ಹುಡುಗ 1914ರಾಗ ಸೈಕಲ್ ಗಿಡಕ್ಕ ಕಟ್ಟಿ ಮೊದಲನೇ ಮಹಾಯುದ್ಧಕ್ಕ ಹೋದ ಅಂತ ಅದರ ಕೆಳಗ ಕತಿ ಬರದಿದ್ರು. ಅದೂ ಖರೆ ಅಲ್ಲ, ಅಮೆರಿಕಾ ಆ ಯುದ್ಧಕ್ಕ ಇಳದದ್ದೇ 1917ರಾಗ, ಮತ್ತ ಅದು ಸಣ್ಣ ಹುಡುಗರ ಸೈಕಲ್, 1950ರ ದಶಕದಾಗ ಬಿಟ್ಟು ಹೋಗಿದ್ದು. ಕಾಕಾ ಫೋಟೋ ನೋಡಿ "ನಮ್ಮದು ದೊಡ್ಡದು" ಅಂದು ಸಮಾಧಾನ ಆದ.

ಕಡೀಗಿ ತೀರ್ಮಾನ ಕೊಟ್ಟಾಕಿ ಆಯಿ, ಕಾಕಾಗ ಅಂದಳು, "ಗಿಡ ಎಲ್ಲಿಂದ ಎತ್ತತದೋ, ಎತ್ತಿ ಕೊಟ್ಟಾಂವ ನೀನೇ, ಆವತ್ತ ನಿನ್ನ ಧೋತರ ಚೈನಿಗಿ ಸಿಕ್ಕು ಹರದಿತ್ತು, ನಾನೇ ಹೊಲದು ಕೊಟ್ಟೀನಿ." ಮುತ್ಯಾ ಲೂನಾ ಮೊಪೆಡ್ ತಗೊಂಡ ಮ್ಯಾಲ ಹುಡುಗರು ಸೈಕಲ್ ಕೆಡಸಬಾರ್ದಂತ ಟೊಂಗಿಗಿ ತೂಗಹಾಕಿದ್ದನಂತ.

ಕೆಲಸದ ಮಾತಿಗಿ ಬರ್ತೀನಿ. ಈ ಹಳೀ ದೊಡ್ಡ ಸೈಕಲ್ ಹತ್ತತ್ರ 20 ಕೆಜಿ ತೂಕ, ಅದಕ್ಕ ಮೊದಲು ಮ್ಯಾಲಿನ ಟೊಂಗಿಗಿ ಹಗ್ಗ ಹಾಕಿ ಸೀಟಿನ ಬುಡಕ್ಕೂ ಹ್ಯಾಂಡಲ್ಲಿಗೂ ಕಟ್ಟಿದೆ, ಇಲ್ಲಾಂದ್ರ ಕೊಯ್ದ ಕೂಡ್ಲೇ ಕೆಳಗ ನಿಂತೋರ ಮ್ಯಾಲ ಬೀಳ್ತದ. ಎರಡು ದಿನ ಮೊದಲೇ ನಟ್ಟಿಗೆಲ್ಲಾ ಡೀಸೆಲ್ ಹಚ್ಚಿ ಬಿಟ್ಟಿದ್ದೆ, ಹಿಂದಿನ ಗಾಲಿ ಆರಾಮ ಬಂತು, ಮುಂದಿಂದು ಭಾಳ ಹೈರಾಣ ಮಾಡ್ತು. ಗ್ರೈಂಡರ್ ಬ್ಯಾಡ ಅಂದೆ, ನಿಚ್ಚಣಿಕಿ ಮ್ಯಾಲ ನಿಂತು ಅದನ್ನ ಹಿಡಿಯೋದು ಅಪಾಯ, ಕಿಡಿ ಬಿದ್ದು ಒಣ ಎಲಿಗಿ ಬೆಂಕಿ ಹತ್ತತದ, ಕಾದ ಡಂಡಾ ತೊಗಟಿ ಸುಡ್ತದ. ಕೈ ಹ್ಯಾಕ್ಸಾ ಸಾಕು, ಆದ್ರ ಇಂಚಿಗೆ 32 ಹಲ್ಲಿನ ಬ್ಲೇಡ್ ತಗೋರಿ, ದೊಡ್ಡ ಹಲ್ಲಿಂದು ತೆಳು ಪೈಪಿಗಿ ಸಿಕ್ಕು ಮುರೀತದ. ತೊಗಟಿಯಿಂದ ಎರಡು ಬಟ್ಟ ದೂರ ಬಿಟ್ಟು ಎರಡೂ ಕಡಿ ಕೊಯ್ದೆ. ಮೊದಲ ಕಡಿ ಕೊಯ್ದಾಗ ಪೈಪಿನ ಒಳಗಿಂದ ತುಕ್ಕಿನ ಪುಡಿ, ಅದರ ಹಿಂದೇ ಕಪ್ಪು ಇರುವಿ ಸಾಲ ಕಟ್ಟಿ ಹೊರಗ ಬಂದ್ವು. ಎರಡನೇದು ಮುಗಿಯೋದ್ರಾಗ ಫ್ರೇಮ್ ಟಣ್ ಅಂತ ಜಗ್ಗಿ ಹಗ್ಗಕ್ಕ ನೇತಾಡ್ತು, ಕಾಕಾ ಹಗ್ಗ ಸಡ್ಲ ಬಿಡ್ತಾ ಬಿಡ್ತಾ ಇಳಿಸಿದ. ಟೊಂಗಿಗಿ ಏನೂ ಬಳೀಲಿಲ್ಲ, ಡಾಂಬರೂ ಇಲ್ಲ, ಸಿಮೆಂಟೂ ಇಲ್ಲ, ಗಿಡ ತನ್ನ ಗಾಯ ತಾನೇ ಮುಚ್ಕೋತದ.

ಆಮೇಲೆ ಟೆಂಪೋದಾಗ ಹಾಕ್ಕೊಂಡು ಕಲಬುರಗಿಗಿ, ನಮ್ಮ ಪರಿಚಯದ ಸೈಕಲ್ ಚಾಚಾ ಹತ್ರ. ನೋಡಿದ ಕೂಡ್ಲೇ "ಅರೆ ಬೇಟಾ, ಡಂಡಾ ಎಲ್ಲಿ?" ಅಂದ. "ಗಿಡದಾಗ ಅದ ಚಾಚಾ" ಅಂದೆ. "ಇರ್ಲಿ ಬಿಡು, ಇಷ್ಟ್ ವರ್ಷ ಸ್ಟ್ಯಾಂಡಿನಾಗ ನಿಂದ್ರಿಸಿದ್ದಕ್ಕ ಬಾಡಿಗಿ ಮುರ್ಕೊಂಡದ."

ಚಾಚಾನ ಕೈಯಾಗ ನಾ ಕಲತದ್ದು ಪೆಡಲ್ ಕಾಲನ್ನ ನಡುವಿನ ಅಚ್ಚಿಗಿ ಬಿಗಿಯೋ ಕಾಟರ್ ಪಿನ್ ತೆಗಿಯೋದು. ನಟ್ ಪೂರಾ ಬಿಚ್ಚಬಾರ್ದು, ಪಿನ್ನಿನ ಚೂಡಿಯ ತುದಿಗಿ ನಟ್ ಸಮ ಆಗೋತನಕ ಸಡ್ಲ ಮಾಡಿ, ಕಾಲಿನ ಕೆಳಗ ಒಂದು ಕಬ್ಬಿಣದ ಪೈಪು ಆಧಾರ ಕೊಟ್ಟು, ಒಂದೇ ಏಟು ಸುತ್ತಿಗಿಯಿಂದ. ಆಧಾರ ಇಲ್ದೆ ಹೊಡದ್ರ ಬೇರಿಂಗಿಗಿ ಪೆಟ್ಟು. ಎಡಗಡಿ ಪೆಡಲ್ ಉಲ್ಟಾ ತಿರುವಿದ್ರ ಬಿಚ್ಚತದ, ಅದೂ ನೆನಪಿಡ್ರಿ. ಡಂಡಾಕ್ಕ ಒಂದು ಇಂಚಿನ ಪೈಪು ತಂದು, ಎರಡೂ ಜೋಡಿನ ಒಳಗ ಸಣ್ಣ ಪೈಪಿನ ತುಂಡು ತುರುಕಿ, ಗ್ಯಾಸಿನ ಮ್ಯಾಲ ಹಿತ್ತಾಳಿ ಬೆಸುಗಿ ಹಾಕಿಸಿದ್ವಿ. ಕರೆಂಟ್ ವೆಲ್ಡಿಂಗ್ ಆದ್ರ ತೆಳು ಪೈಪು ತೂತು ಬೀಳ್ತದ. ಟೈರು 28 ಇಂಚಿಂದು ಸಿಕ್ತು. ಗಾಲಿಯ ಕಡ್ಡಿ ಮುಂದ 32, ಹಿಂದ 40, ಅರ್ಧಕ್ಕರ್ಧ ಹೊಸಾವು ಹಾಕಿದ್ವಿ.

ಬಣ್ಣ ಹಚ್ಚಿಸಿಲ್ಲ, ಮುತ್ಯಾನ ಕೈ ತಿಕ್ಕಿ ಹೊಳಪಾದ ಹ್ಯಾಂಡಲ್ ಹಂಗೇ ಇರ್ಲಿ ಅಂತ. ಊರಿಗಿ ತಂದ ದಿನ ಕಾಕಾ ಧೋತರ ಮೊಣಕಾಲ ಮಟ ಎತ್ತಿ ಕಟ್ಟಿ ಹತ್ತಿದ, ಗಿಡದ ತನಕ ಹೋಗಿ ತಿರುಗಿ ಬಂದ, ಆಯಿ ಬಾಗಿಲಾಗ ನಿಂತು "ಚೈನ್ ನೋಡ್ಕೋ" ಅಂತ ಒದರಲಕತ್ತಿದ್ಳು.