ಫ್ರೆಡ್ ರೋಜರ್ಸ್ ಅವರನ್ನು ನಮ್ಮ ಶಾಲೆಯ ಮಕ್ಕಳೊಂದಿಗೆ ನೆನೆಯುವ ಬಗೆ

ಅಮೆರಿಕದ ದೂರದರ್ಶನದಲ್ಲಿ 1968ರಿಂದ 2001ರವರೆಗೆ ಮಕ್ಕಳ ಕಾರ್ಯಕ್ರಮವನ್ನು ನಡೆಸಿಕೊಟ್ಟ ಫ್ರೆಡ್ ರೋಜರ್ಸ್ ಅವರು 2003ರ ಫೆಬ್ರವರಿ 27ರಂದು ತೀರಿಕೊಂಡರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿ ಶಾಲೆಗಳಲ್ಲಿ ಆ ದಿನ ಅವರ ನೆನಪಿಗಾಗಿ ಒಂದು ಗಂಟೆ ಬಿಡುವು ಮಾಡಿಕೊಳ್ಳಬೇಕೆಂಬುದು ನನ್ನ ಆಸೆ. ಭಾವಚಿತ್ರಕ್ಕೆ ಹಾರ ಹಾಕಿ, ಅತಿಥಿಗಳಿಂದ ಭಾಷಣ ಮಾಡಿಸಿ ಮುಗಿಸುವ ಕಾರ್ಯಕ್ರಮ ಅವರಿಗೆ ಒಪ್ಪುವುದಿಲ್ಲ. ಎದುರಿಗಿರುವ ಒಂದು ಮಗುವಿಗೆ ಪೂರ್ತಿ ಗಮನ ಕೊಡುವುದೇ ಅವರ ಒಳ್ಳೆಯತನವಾಗಿತ್ತು. ಆದ್ದರಿಂದ ಆ ಒಂದು ಗಂಟೆಯೂ ಹಾಗೆಯೇ ನಡೆಯಬೇಕು.

ಮೊದಲು ಶಿಕ್ಷಕರ ತಯಾರಿ ಆಗಬೇಕು. ರೋಜರ್ಸ್ ದೀಕ್ಷೆ ಪಡೆದ ಪಾದ್ರಿಯಾಗಿದ್ದರೂ ದೂರದರ್ಶನದ ಮುಂದೆ ಕುಳಿತ ಮಕ್ಕಳನ್ನೇ ತಮ್ಮ ಸೇವೆಗೆ ಆರಿಸಿಕೊಂಡರು. ಮಕ್ಕಳೆದುರು ಆಡುವ ಮಾತನ್ನು ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಎಂಬ ಮಕ್ಕಳ ಮನೋವಿಜ್ಞಾನಿಯೊಂದಿಗೆ ವರ್ಷಗಟ್ಟಲೆ ಚರ್ಚಿಸಿ ತಿದ್ದಿಕೊಂಡರು. ನೀವೂ ಹೇಳಬೇಕೆಂದಿರುವುದನ್ನು ಬರೆದುಕೊಂಡು, ಒಂದೊಂದು ಮಾತನ್ನೂ ನಿಮ್ಮ ತರಗತಿಯ ಅತ್ಯಂತ ಅಂಜುಬುರುಕ ಮಗುವಿನ ಕಿವಿಯಿಂದ ಕೇಳಿ ನೋಡಿ.

ನಮ್ಮ ಮಕ್ಕಳು ಅವರನ್ನು ಕಂಡವರಲ್ಲವಾದ್ದರಿಂದ ಜೀವನಚರಿತ್ರೆಯನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ. ಮೀನಿನ ತೊಟ್ಟಿಯ ಪ್ರಸಂಗವೊಂದರಿಂದ ಶುರುಮಾಡಿ. ಕಾರ್ಯಕ್ರಮದಲ್ಲಿ ಅವರು ತೊಟ್ಟಿಯ ಮೀನುಗಳಿಗೆ ಆಹಾರ ಹಾಕುತ್ತಿದ್ದರು. ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳು, ಮೀನುಗಳಿಗೆ ಊಟ ಸಿಕ್ಕಿತೋ ಇಲ್ಲವೋ ತನಗೆ ತಿಳಿಯುವುದಿಲ್ಲ, ದಯವಿಟ್ಟು ಬಾಯಿಬಿಟ್ಟು ಹೇಳಿ ಎಂದು ಪತ್ರ ಬರೆಸಿದಳು. ಅಂದಿನಿಂದ ಅವರು ಆಹಾರ ಹಾಕುವಾಗಲೆಲ್ಲ ಅದನ್ನು ಮಾತಿನಲ್ಲೂ ಹೇಳತೊಡಗಿದರು. ಇದನ್ನು ಹೇಳಿದ ಮೇಲೆ, ನಾವು ಗಮನಿಸದೆ ಬಿಟ್ಟಿರುವವರು ನಮ್ಮ ಸುತ್ತ ಯಾರಿದ್ದಾರೆ ಎಂದು ಕೇಳಿ, ಮಕ್ಕಳು ಯೋಚಿಸುವಷ್ಟು ಹೊತ್ತು ಕಾಯಿರಿ; ತರಗತಿಯಲ್ಲಿ ಅಂಗವೈಕಲ್ಯವಿರುವ ಮಗುವಿದ್ದರೆ ಮಾತ್ರ ಎಲ್ಲರ ಕಣ್ಣು ಅದರ ಕಡೆ ತಿರುಗದಂತೆ ನೋಡಿಕೊಳ್ಳಿ.

ದೊಡ್ಡ ತರಗತಿಯವರಿಗೆ 1969ರ ಸಂಚಿಕೆಯೊಂದರ ಬಗ್ಗೆ ಹೇಳಬಹುದು. ಕಪ್ಪು ಜನರೊಂದಿಗೆ ಈಜುಕೊಳ ಹಂಚಿಕೊಳ್ಳಲು ಅನೇಕ ಬಿಳಿಯರು ಒಪ್ಪದಿದ್ದ ಆ ಕಾಲದಲ್ಲಿ, ಪೊಲೀಸ್ ಪಾತ್ರ ಮಾಡುತ್ತಿದ್ದ ಕಪ್ಪು ಗಾಯಕ ಫ್ರಾಂಸ್ವಾ ಕ್ಲೆಮನ್ಸ್ ಅವರನ್ನು ರೋಜರ್ಸ್ ಕರೆದು, ಒಂದೇ ಸಣ್ಣ ತೊಟ್ಟಿಯ ತಣ್ಣೀರಿನಲ್ಲಿ ಇಬ್ಬರೂ ಕಾಲು ಇಳಿಬಿಟ್ಟು ಕುಳಿತರು. ಕಾಲು ಒರೆಸಲು ಒಂದೇ ಟವೆಲ್ ಇತ್ತು. ಬಾವಿ, ಕೆರೆಗಳ ನೀರಿನ ವಿಷಯದಲ್ಲಿ ನಮ್ಮ ಊರುಗಳಲ್ಲೇ ಏನೇನು ನಡೆದಿದೆ ಎಂಬುದು ಗೊತ್ತಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಚ್ಚು ಸಮಯವನ್ನು ಭಯದ ಮಾತಿಗೆ ಮೀಸಲಿಡಿ. 1970ರಲ್ಲಿ ತೊಟ್ಟಿಯಲ್ಲಿ ಮೀನೊಂದು ಸತ್ತಾಗ ರೋಜರ್ಸ್ ಅದನ್ನು ಮರೆಮಾಚದೆ, ಉಪ್ಪುನೀರಿನಲ್ಲಿಟ್ಟು ಬದುಕೀತೇ ಎಂದು ನೋಡಿ, ಕೊನೆಗೆ ಮಕ್ಕಳ ಕಣ್ಣೆದುರೇ ಹೂಳಿದರು. ಮಲೆನಾಡಿನಲ್ಲಿ ಫೆಬ್ರವರಿಯ ಆಸುಪಾಸಿನ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗದ ಬಗ್ಗೆ ಮನೆಯ ಜಗುಲಿಯಲ್ಲಿ ನಡೆಯುವ ಮಾತೆಲ್ಲ ಮಕ್ಕಳ ಕಿವಿಗೆ ಬಿದ್ದಿರುತ್ತದೆ. "ನಮ್ಮಜ್ಜ ದರಗು ತರೋಕೆ ಕಾಡಿಗೆ ಹೋಗ್ತಾರೆ, ಅವರು ಸತ್ತು ಹೋಗ್ತಾರಾ ಮಿಸ್?" ಎಂದು ಮಗು ಕೇಳಿದರೆ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಬೇಡಿ, ಏನೂ ಆಗುವುದಿಲ್ಲವೆಂದು ಭಾಷೆಯನ್ನೂ ಕೊಡಬೇಡಿ. ಅದು ಏನು ಕೇಳಿಸಿಕೊಂಡಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಳಿಕ, ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ, ಅಜ್ಜ ಉಣುಗು ಕಚ್ಚದಂತೆ ತಡೆಯುವ ಎಣ್ಣೆಯನ್ನು ಮೈಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿದರೆ ಅಪಾಯ ಕಡಿಮೆಯಾಗುತ್ತದೆ, ಜ್ವರ ಬಂದರೆ ಆಸ್ಪತ್ರೆಗೆ ಬೇಗ ಹೋಗಬೇಕು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ತಿಳಿಸಬೇಕು ಎಂಬ ನಿಜವನ್ನು ನಿಧಾನವಾಗಿ ಹೇಳಿ. ಮಗು ಮತ್ತೆ ಅದನ್ನೇ ಕೇಳಿದರೆ ಮತ್ತೆ ಅಷ್ಟೇ ನಿಧಾನವಾಗಿ ಹೇಳಿ.

1997ರಲ್ಲಿ ಅಮೆರಿಕದ ದೂರದರ್ಶನ ಕ್ಷೇತ್ರದ ಎಮ್ಮಿ ಪ್ರಶಸ್ತಿ ಸ್ವೀಕರಿಸುವಾಗ ರೋಜರ್ಸ್, ಅವರವರನ್ನು ಪ್ರೀತಿಸಿ ಬೆಳೆಸಿದವರನ್ನು ಹತ್ತು ಸೆಕೆಂಡು ಮೌನವಾಗಿ ನೆನೆಯುವಂತೆ ಸಭಿಕರನ್ನು ಕೇಳಿ, ಸಮಯವನ್ನು ತಾವೇ ನೋಡಿಕೊಂಡರು. ಮಕ್ಕಳಿಂದಲೂ ಇದನ್ನು ಮಾಡಿಸಿ. ಆಗ "ಅಪ್ಪ ಅಮ್ಮನನ್ನು ನೆನೆಯಿರಿ" ಎನ್ನದೆ "ನಿಮ್ಮನ್ನು ಪ್ರೀತಿಯಿಂದ ನೋಡಿಕೊಂಡವರನ್ನು ನೆನೆಯಿರಿ" ಎನ್ನಿ. ತಾಯಿಯಿಲ್ಲದ, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಗು ಆ ಕೊಠಡಿಯಲ್ಲೇ ಇರಬಹುದು. ಯಾರನ್ನು ನೆನೆದಿರಿ ಎಂದು ವಿಚಾರಿಸಬೇಡಿ.

ಕೊನೆಯಲ್ಲಿ ಪ್ರತಿ ಮಗುವೂ ಒಂದು ಚೀಟಿಯಲ್ಲಿ ತನ್ನ ಪ್ರಶ್ನೆಯನ್ನು ಬರೆದುಕೊಡಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ತಮಗೆ ಬಂದ ಪತ್ರಗಳಿಗೆ ರೋಜರ್ಸ್ ಶ್ರದ್ಧೆಯಿಂದ ಉತ್ತರ ಬರೆಯುತ್ತಿದ್ದರು. ನೀವೂ ಆ ವಾರದೊಳಗೆ ಪ್ರತಿ ಚೀಟಿಗೂ ಮಗುವಿನ ಹೆಸರು ಹಾಕಿ, ಕೈಬರಹದಲ್ಲೇ ಉತ್ತರಿಸಿ, ಅವರವರ ಕೈಗೇ ಕೊಡಿ. ಚೀಟಿಗಳನ್ನು ಸೂಚನಾ ಫಲಕಕ್ಕೆ ಅಂಟಿಸುವುದಾಗಲಿ, ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಬೇಡ.