ಪೆನ್‌ಡ್ರೈವ್ ಪಾಸ್‌ವರ್ಡ್ ಒಂದೇ ಸಲಕ್ಕೆ ತಗೊಳ್ಳೋ ಹಾಗೆ ಮಾಡ್ಕೊಂಡಿದ್ದು

"ಬರೀ ಸಣ್ಣಕ್ಷರದ ಪಾಸ್‌ವರ್ಡಾ, ಒಂದು ಸಿಂಬಲ್ ಕೂಡ ಇಲ್ವಾ" ಅಂತ ಜೊತೆಲಿ ಕೆಲಸ ಮಾಡೋರೆಲ್ಲ ಮೂಗು ಮುರಿದ್ರು. ಎಂಟೊಂಬತ್ತು ತಿಂಗಳಾಯ್ತು, ವೆರಾಕ್ರಿಪ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಎನ್‌ಕ್ರಿಪ್ಟ್ ಮಾಡಿ ಲಾಕ್ ಹಾಕಿರೋ ನನ್ನ ಡ್ರೈವು ಯಾರ ಮಷಿನ್‌ಗೆ ಹಾಕಿದ್ರೂ ಮೊದಲ ಸಲಕ್ಕೇ ಓಪನ್ ಆಗ್ತಿದೆ, ತಪ್ಪಿದ್ರೆ ಇಪ್ಪತ್ತಕ್ಕೆ ಒಂದು ಸಲ.

ಮುಂಚೆ ಹದಿನಾಲ್ಕು ಅಕ್ಷರ ಇತ್ತು, ನಡುವೆ ಅಟ್, ಹ್ಯಾಶ್ ಎಲ್ಲಾ. ಕಾಣೋದು ಬರೀ ಚುಕ್ಕಿ, ಇನ್ನೊಬ್ಬರ ಮಷಿನ್‌ನಲ್ಲಿ ಯುಕೆ ಲೇಔಟ್ ಇದ್ರೆ ಅಟ್ ಒತ್ತಿದ ಕಡೆ ಡಬಲ್ ಕೋಟ್ ಬೀಳುತ್ತೆ, ತಪ್ಪು ಅಂತ ಹೇಳೋಕೇ ಅದು ಅರ್ಧ ನಿಮಿಷ ತಿನ್ನುತ್ತೆ.

ರೇಗಿಹೋಗಿ ಡ್ರೈವ್ ಮೇಲೇ ನಂಬರ್ ಒತ್ತಿ ಲಾಕ್ ತೆಗೆಯೋ ಕೀಪ್ಯಾಡ್ ಡ್ರೈವ್ ತಗೊಂಡೆ, ಅಷ್ಟೇ ಜಿಬಿಯ ಮಾಮೂಲಿ ಡ್ರೈವ್‌ಗಿಂತ ಆರೇಳು ಪಟ್ಟು ದುಡ್ಡು. ಸತತ ಹತ್ತು ಸಲ ತಪ್ಪಾದ್ರೆ ಒಳಗಿನ ಎನ್‌ಕ್ರಿಪ್ಶನ್ ಕೀನೇ ಅಳಿಸಿಬಿಡುತ್ತೆ, ಡೇಟಾ ಹೋದ ಹಾಗೇ. ರಬ್ಬರ್ ಬಟನ್ ಒಂದು ಸಲ ಒತ್ತಿದ್ರೆ ಎರಡು ಸಲ ತಗೊಳ್ತಿತ್ತು, ಅದು ನಂಗೆ ಹೊಳೆಯೋಷ್ಟರಲ್ಲಿ ಹತ್ತೂ ಮುಗಿದಿತ್ತು. ಬ್ಯಾಕಪ್ ಒಂದೂವರೆ ತಿಂಗಳು ಹಳೇದು, ಅಷ್ಟೂ ಕೆಲಸ ಮತ್ತೆ ಮಾಡ್ದೆ. ಆ ಹೊಟ್ಟೆಉರಿ ಇನ್ನೂ ಇದೆ.

ಆಮೇಲೆ ದಾಳ ಹಾಕಿ 7776 ಪದದ ಲಿಸ್ಟಿಂದ ಆರು ಪದ ಆರಿಸ್ದೆ, ಊಹಿಸೋಕೆ ಎಷ್ಟು ಕಷ್ಟ ಅನ್ನೋ ಲೆಕ್ಕದಲ್ಲಿ ಹತ್ತತ್ರ 77 ಬಿಟ್ ಆಗುತ್ತೆ, ಸಿಂಬಲ್ ತುರುಕಿ ತಲೆಯಿಂದ ಕಟ್ಟಿದ ಪಾಸ್‌ವರ್ಡು ಇದರ ಹತ್ರಕ್ಕೂ ಬರಲ್ಲ. ಶಿಫ್ಟ್ ಇಲ್ಲ, ಸ್ಪೇಸ್ ಇಲ್ಲ. ಮೊದಲ ಎರಡು ದಿನ ಡಿಸ್‌ಪ್ಲೇ ಪಾಸ್‌ವರ್ಡ್ ಟಿಕ್ ಮಾಡ್ಕೊಂಡು ಹೊಡೆದೆ, ಕೈಗೆ ಕೂತುಬಿಡ್ತು. ಫ್ರೆಂಚ್ ಲೇಔಟಲ್ಲಿ ಎ, ಕ್ಯೂ ಜಾಗ ಅದಲುಬದಲಾಗುತ್ತಲ್ಲ, ಅದಕ್ಕೂ ಒಂದು ಉಪಾಯ ಮಾಡ್ಕೊಂಡಿದೀನಿ, ಅದನ್ನ ಮಾತ್ರ ಇಲ್ಲಿ ಹೇಳಲ್ಲ.

ನಿಜವಾದ ಲಾಭ ಸಿಕ್ಕಿದ್ದು ವೆರಾಕ್ರಿಪ್ಟಲ್ಲಿ ಪಿಆರ್‌ಎಫ್ (ಪಾಸ್‌ವರ್ಡಿಂದ ಕೀ ತೆಗೆಯೋ ಹ್ಯಾಶ್ ಲೆಕ್ಕ) ಆಟೋಡಿಟೆಕ್ಷನ್ ಬಿಟ್ಟು, ನನ್ನ ಡ್ರೈವಿನ ಹ್ಯಾಶ್ ಆದ ಎಸ್‌ಎಚ್‌ಎ-512 ನಾನೇ ಆರಿಸಿದಾಗ. ಇಲ್ಲಾಂದ್ರೆ ಒಂದೊಂದೇ ಹ್ಯಾಶ್ ಟ್ರೈ ಮಾಡ್ತಾ ಕೂರುತ್ತೆ. ಹಳೇ ಲ್ಯಾಪ್‌ಟಾಪಲ್ಲಿ ಇಪ್ಪತ್ತು ಸೆಕೆಂಡ್ ಇದ್ದಿದ್ದು ನಾಲ್ಕೈದಕ್ಕೆ ಬಂತು. ಆ ಲೆಕ್ಕ ಎಷ್ಟು ಸಲ ಸುತ್ತಬೇಕು ಅಂತ ಹೇಳೋ ಪಿಐಎಂ ನಂಬರ್ ಕೂಡ 485ರಿಂದ 100ಕ್ಕೆ ಇಳಿಸಿ ನೋಡ್ದೆ, ಪಾಸ್‌ವರ್ಡಲ್ಲಿ 20 ಅಕ್ಷರ ಇದ್ರೇನೇ ಇಳಿಸೋಕೆ ಬಿಡೋದು ಅದು. 5 ಲಕ್ಷ ಇಟರೇಶನ್ನು (ಸುತ್ತು) 1,15,000 ಆಯ್ತು, ಫಾಸ್ಟ್ ಏನೋ ಆಯ್ತು, ಆದ್ರೆ ಪ್ರತಿ ಸಲ ಇನ್ನೊಂದು ನಂಬರ್ ಟೈಪ್ ಮಾಡ್ಬೇಕು, ಬಿಟ್ಟೆ.

ಇನ್ನೊಂದು ಡ್ರೈವಲ್ಲಿ ಲಕ್ಸ್ 2 (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಹಾಕಿದೆ. ಹೊಸ ಡೆಸ್ಕ್‌ಟಾಪಲ್ಲಿ ಮಾಡಿದ್ದಕ್ಕೆ ಅದರಲ್ಲಿ ಪಾಸ್‌ವರ್ಡಿಂದ ಕೀ ತೆಗೆಯೋ ಆರ್ಗಾನ್2 ಒಂದು ಜಿಬಿ ಮೆಮೊರಿ ಕೇಳ್ತು, ಹಳೇ ಮಷಿನ್‌ನಲ್ಲಿ ಅಷ್ಟು ಖಾಲಿ ಇರಲಿಲ್ಲ, ಓಪನ್ನೇ ಆಗ್ಲಿಲ್ಲ. ಹೆಡರ್ (ಕೀ ಮಾಹಿತಿ ಇರೋ ಡ್ರೈವಿನ ಮೊದಲ ಭಾಗ) ಬ್ಯಾಕಪ್ ತಗೊಂಡು, ಪಿಬಿಕೆಡಿಎಫ್ ಮೆಮೊರಿ, ಅಂದ್ರೆ ಆ ಕೀ ಲೆಕ್ಕಕ್ಕೆ ಬೇಕಾಗೋ ಮೆಮೊರಿ, ಕಡಿಮೆ ಕೊಟ್ಟು ಅದೇ ಆರು ಪದಕ್ಕೆ ಇನ್ನೊಂದು ಕೀಸ್ಲಾಟ್ (ಪಾಸ್‌ವರ್ಡ್ ಕೂರೋ ಜಾಗ) ಸೇರಿಸಿ ಹಳೇದನ್ನ ತೆಗೆದ್ಮೇಲೆ ಈಗ ಎರಡೂ ಕಡೆ ನಡೀತಿದೆ.