ಒಂಟಿ ಕಣಜಕ್ಕೊಂದು ಬಿದಿರಿನ ಮನೆ

ಕಣಜ ಕಂಡ ಕೂಡಲೇ ಪೊರಕೆ ಹುಡುಕುವವರೇ ನಮ್ಮಲ್ಲಿ ಜಾಸ್ತಿ. ಆದರೆ ಎಲ್ಲ ಕಣಜಗಳೂ ಒಂದೇ ಅಲ್ಲ. ಸೂರಿನಡಿ ಬೂದು ಕಾಗದದಂಥ ಗೂಡು ಕಟ್ಟುತ್ತವಲ್ಲ, ಅವು ಗುಂಪಿನವು. ಹಳೇ ಮರದ ನಾರು ಕೆರೆದು, ಎಂಜಲು ಸೇರಿಸಿ ಅಗಿದು, ಆರು ಮೂಲೆಯ ಕೋಣೆ ಮಾಡುತ್ತವೆ. ಕೆಣಕಿದರೆ ಮೈಮೇಲೆ ಬರುತ್ತವೆ. ಅವುಗಳ ತಂಟೆಗೆ ಹೋಗುವುದು ಬೇಡ.

ನಾವು ಕರೆಯಬೇಕಾದದ್ದು ಒಂಟಿ ಕಣಜವನ್ನು. ಇದಕ್ಕೆ ರಾಣಿ ಇಲ್ಲ, ಆಳುಗಳಿಲ್ಲ, ಗೂಡು ಕಾಯಲು ಕುಟುಕುವುದೂ ಅಪರೂಪ. ಸ್ವಿಚ್ ಬೋರ್ಡಿನ ತೂತಿಗೆ ಮಣ್ಣು ಮೆತ್ತಿ ಹೋಗುವುದು ಇದೇ. ತೂತಿನ ಒಳತುದಿಯಲ್ಲಿ ಮೊಟ್ಟೆ ಇಟ್ಟು, ಎಲೆ ತಿನ್ನುವ ಹುಳುಗಳನ್ನು ಕುಟುಕಿ ಜೋಮು ಹಿಡಿಸಿ ತಂದು ತುಂಬಿ, ಮಣ್ಣಿನ ಗೋಡೆ ಎಬ್ಬಿಸಿ, ಅದರ ಮುಂದೆ ಮತ್ತೊಂದು ಕೋಣೆ ಶುರು ಮಾಡುತ್ತದೆ. ಹುಳು ಸತ್ತಿರುವುದಿಲ್ಲ, ಹಾಗಾಗಿ ಕೊಳೆಯುವುದಿಲ್ಲ, ಮರಿಗೆ ತಾಜಾ ಊಟ. ಹೆಣ್ಣಾಗುವ ಮೊಟ್ಟೆಗಳು ಸಾಮಾನ್ಯವಾಗಿ ಹಿಂದೆ, ಗಂಡಿನವು ಬಾಗಿಲ ಹತ್ತಿರ. ಮೊದಲು ಹೊರಬೀಳುವುದೂ ಗಂಡುಗಳೇ.

ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ 2018ರಿಂದ ಎಲೆ ತಿನ್ನುವ ಸೈನಿಕ ಹುಳುವಿನ ಕಾಟ ಗೊತ್ತೇ ಇದೆ. ಕಣಜ ಬಂದರೆ ಅದು ಪೂರ್ತಿ ಮಾಯ ಅಂತ ಕನಸು ಕಾಣಬೇಡಿ. ಹಿತ್ತಲಿನ ತರಕಾರಿ ಮಡಿಗೆ ಮಾತ್ರ ಒಳ್ಳೆಯ ಕಾವಲು.

ಈ ಕಣಜಕ್ಕೆ ಮನೆ ಮಾಡಲು ಮೊದಲು ಬೇಕಾದದ್ದು ಬಿದಿರು. ಬುಟ್ಟಿ, ಏಣಿ ಮಾಡುವವರ ಹತ್ತಿರ ಸಣ್ಣ ತುಂಡು ಸಿಗುತ್ತವೆ. ಒಳಗಿನ ತೂತು 4ರಿಂದ 10 ಮಿಲಿಮೀಟರ್ ಇರಲಿ, ಉದ್ದ ಅರ್ಧ ಅಡಿ. ಗಿಣ್ಣಿನ ಹಿಂದಕ್ಕೇ ಕೊಯ್ದರೆ ಒಂದು ತುದಿ ತಾನಾಗಿ ಮುಚ್ಚಿರುತ್ತದೆ. ತೆರೆದ ಬಾಯಿಗೆ ಉಪ್ಪುಕಾಗದ ಚೆನ್ನಾಗಿ ತಿಕ್ಕಿ, ಸುಮ್ನೆ ಬಿಟ್ಟರೆ ಸಿಬಿರಿಗೆ ಸಿಕ್ಕಿ ರೆಕ್ಕೆ ಹರಿಯುತ್ತದೆ.

ಆಮೇಲೆ ತುಂಡುಗಳನ್ನು ಮರದ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಒತ್ತಾಗಿ ತುಂಬಿ. ತಗಡಿನ ಡಬ್ಬಿ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಲೆಯಾಗುತ್ತದೆ. ಮಳೆ ಬೀಳದ ಸೂರಿನಡಿ, ಎದೆಯೆತ್ತರಕ್ಕೆ, ಬೆಳಗಿನ ಬಿಸಿಲು ಬೀಳುವಂತೆ ಪೂರ್ವಕ್ಕೆ ಮುಖ ಮಾಡಿ ಗಟ್ಟಿಯಾಗಿ ಬಿಗಿಯಿರಿ. ಗಾಳಿಗೆ ತೂಗಾಡಿದರೆ ಕಣಜ ಒಪ್ಪುವುದಿಲ್ಲ. ಇರುವೆ ಹತ್ತದಂತೆ ಮೊಳೆಗೆ ಗ್ರೀಸ್ ಹಚ್ಚಿ.

ಬಹಳ ಜನ ಮರೆಯುವುದು ಮಣ್ಣನ್ನು. ಬೇಸಿಗೆಯಲ್ಲಿ ಒದ್ದೆ ಮಣ್ಣು ಎಲ್ಲಿ ಸಿಗಬೇಕು ಹೇಳಿ? ಹತ್ತಿರದಲ್ಲೇ ಒಂದು ತಟ್ಟೆಯಲ್ಲಿ ಕೆರೆ ಮಣ್ಣು ಇಟ್ಟು ದಿನಾ ನೀರು ಚಿಮುಕಿಸಿ, ನೀರು ನಿಲ್ಲಬಾರದು ಅಷ್ಟೇ. ಸುತ್ತ ಕೀಟನಾಶಕ ಹೊಡೆಯಬೇಡಿ.

ಬಾಯಿ ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಮರಿ ಇದೆ ಅಂತ ಲೆಕ್ಕ. ಮಣ್ಣಲ್ಲಿ ದುಂಡನೆ ತೂತು ಬಿದ್ದಿದ್ದರೆ ಹೊರಟಾಯಿತು. ತಿಂಗಳುಗಟ್ಟಲೆ ಮುಚ್ಚಿಯೇ ಇದ್ದರೂ ಒಡೆದು ನೋಡಬೇಡಿ, ಕೆಲವು ಒಣ ಕಾಲವೆಲ್ಲ ಒಳಗೇ ಮಲಗಿರುತ್ತವೆ. ಹಸಿರು-ನೀಲಿ ಬಣ್ಣದಲ್ಲಿ ಮಿರಿಮಿರಿ ಮಿಂಚುವ ಇನ್ನೊಂದು ಕಣಜ ಸುತ್ತ ಸುಳಿದರೆ ಅದು ಕಳ್ಳಿ: ಇನ್ನೊಬ್ಬರ ಗೂಡಲ್ಲಿ ಮೊಟ್ಟೆ ಇಡಲು ಬಂದಿರುತ್ತದೆ. ಓಡಿಸಬೇಕಿಲ್ಲ.

ಎರಡು ವರ್ಷಕ್ಕೊಮ್ಮೆ ಬಿದಿರು ಬದಲಿಸಿ, ಇಲ್ಲದಿದ್ದರೆ ನುಸಿ ಸೇರುತ್ತದೆ. ಹಳೇ ತುಂಡುಗಳನ್ನು ಪೆನ್ಸಿಲ್ ಹೋಗುವಷ್ಟು ತೂತಿರುವ ರಟ್ಟಿನ ಡಬ್ಬಿಯಲ್ಲಿ ಹಾಕಿ ಅದೇ ಸೂರಿನಡಿ ಇಡಿ. ಒಳಗಿದ್ದವು ಬೆಳಕು ನೋಡಿಕೊಂಡು ಹೊರಬರುತ್ತವೆ, ಹೊಸ ಬಿದಿರು ಪಕ್ಕದಲ್ಲೇ ಇರುತ್ತದೆ.